ಹಳೆಯ ಕ್ಯಾರವಾನ್‌ನಲ್ಲಿ ಕರೆಂಟ್ ಕೈಕೊಟ್ಟರೆ ಎಲ್ಲಿಂದ ಹುಡುಕಬೇಕು

ಮಳೆಗಾಲವಿಡೀ ಶೆಡ್ಡಿನಲ್ಲಿ ನಿಂತ ಗಾಡಿಯನ್ನು ಅಕ್ಟೋಬರ್‌ನಲ್ಲಿ ಹೊರಗೆ ತೆಗೆದರೆ ಒಳಗಿನ ಲೈಟು ಮಂಕು, ನೀರಿನ ಪಂಪಿಗೆ ಜೀವವಿಲ್ಲ, ಇನ್ವರ್ಟರ್ ಕೂಗಿ ಕೂಗಿ ಬಂದ್. ಹೆಚ್ಚಿನವರು ಕೂಡಲೇ ಹೊಸ ಬ್ಯಾಟರಿ ತರುತ್ತಾರೆ, ಎರಡು ವಾರ ಕಳೆಯುವಷ್ಟರಲ್ಲಿ ಅದೇ ತೊಂದರೆ ಮರಳುತ್ತದೆ. ಪಣಂಬೂರು, ಮಲ್ಪೆ, ಮರವಂತೆಯ ಕಡಲ ಬದಿಯಲ್ಲಿ ರಾತ್ರಿ ಕಳೆದ ಹಳೆಯ ಗಾಡಿಯಲ್ಲಿ ಬ್ಯಾಟರಿಗಿಂತ ಮೊದಲು ಕೆಡುವುದು ಜಾಯಿಂಟುಗಳು. ಉಪ್ಪಿನ ಪಸೆ ಲಗ್ಗಿನೊಳಗೆ (ವೈರಿನ ತುದಿಗೆ ಒತ್ತುವ ಲೋಹದ ಬಿಲ್ಲೆ) ಇಳಿದು ತಾಮ್ರವನ್ನು ತಿನ್ನುತ್ತದೆ. ಹೊರಗಿನಿಂದ ನೋಡಿದರೆ ಎಲ್ಲ ಸರಿಯಾಗಿಯೇ ಕಾಣುತ್ತದೆ.

ಮೊದಲು ತೊಂದರೆ ಯಾವ ಕಡೆಯದು ಎಂದು ಗೊತ್ತುಮಾಡಿಕೊಳ್ಳಿ. ಗಾಡಿಯಲ್ಲಿ ಎರಡು ಬಗೆಯ ಕರೆಂಟ್ ಇರುತ್ತದೆ: ಲೈಟು, ಪಂಪು, ಫ್ಯಾನಿಗೆ ಬ್ಯಾಟರಿಯ 12 ವೋಲ್ಟ್ ಡಿಸಿ, ಪ್ಲಗ್ ಪಾಯಿಂಟಿಗೆ ಹೊರಗಿನಿಂದಲೋ ಇನ್ವರ್ಟರಿನಿಂದಲೋ ಬರುವ 230 ವೋಲ್ಟ್ ಎಸಿ. ಬ್ಯಾಟರಿಯೂ ಎರಡು, ಎಂಜಿನ್ನಿನದು ಒಂದು, ಒಳಗಿನ ಮನೆಬಳಕೆಗೆ ಇನ್ನೊಂದು. ಸೆಲ್ಫ್ ಚೆನ್ನಾಗಿ ಹೊಡೆಯುತ್ತಿದ್ದು ಒಳಗಿನ ಲೈಟು ಮಾತ್ರ ಮಂಕಾಗಿದ್ದರೆ ಎಂಜಿನ್ ಕಡೆ ಹೋಗಬೇಕಾಗಿಲ್ಲ.

ಸಲಕರಣೆ ಹೆಚ್ಚು ಬೇಡ. ಒಂದು ಡಿಜಿಟಲ್ ಮಲ್ಟಿಮೀಟರ್, ಒಂದು ಹಳೆಯ 60/55 ವ್ಯಾಟಿನ ಹೆಡ್‌ಲೈಟ್ ಬಲ್ಬು, ಎರಡು ಕ್ಲಿಪ್ಪು ಸಾಕು. ಬಲ್ಬಿನ ಎರಡೂ ಫಿಲಮೆಂಟುಗಳನ್ನು ಒಟ್ಟಿಗೆ ಜೋಡಿಸಿದರೆ ಸುಮಾರು 9 ಆಂಪಿಯರ್ ಎಳೆಯುತ್ತದೆ. ಇದೇ ನಿಮ್ಮ ಪರೀಕ್ಷೆಯ ಲೋಡು. ಅದು ಬೇಗ ಕಾಯುವುದರಿಂದ ಒಂದು ನಿಮಿಷಕ್ಕಿಂತ ಹೆಚ್ಚು ಉರಿಸಬೇಡಿ. ಕೊನೆಯ ಕ್ಲಿಪ್ಪನ್ನು ಬ್ಯಾಟರಿಯಿಂದ ದೂರದಲ್ಲಿ ಸೇರಿಸಿ. ಚಾರ್ಜ್ ಆಗುವಾಗ ಬ್ಯಾಟರಿ ಬಿಡುವ ಗ್ಯಾಸಿಗೆ ಒಂದು ಕಿಡಿ ಸಾಕು.

ಬ್ಯಾಟರಿಯ ನಿಜ ಸ್ಥಿತಿ

ಚಾರ್ಜರ್, ಸೋಲಾರ್, ಲೈಟು ಎಲ್ಲ ಬಂದ್ ಮಾಡಿ ನಾಲ್ಕು ಗಂಟೆ ಬಿಟ್ಟು ವೋಲ್ಟೇಜ್ ಅಳೆಯಿರಿ. ಲೆಡ್ ಆಸಿಡ್ ಬ್ಯಾಟರಿಯಲ್ಲಿ 12.7 ಬಂದರೆ ಪೂರ್ತಿ ಚಾರ್ಜ್, 12.4 ಮುಕ್ಕಾಲು, 12.2 ಅರ್ಧ, 11.8 ಎಂದರೆ ಹೆಚ್ಚುಕಡಿಮೆ ಖಾಲಿ. ಪೂರ್ತಿ ಚಾರ್ಜ್ ಆದ ಮೇಲೆ ಬಲ್ಬು ಉರಿಸಿದರೆ ವೋಲ್ಟೇಜ್ 12ರ ಮೇಲೆಯೇ ನಿಲ್ಲಬೇಕು. ಒಂದು ನಿಮಿಷದೊಳಗೆ 11.5ರ ಕೆಳಗೆ ಜಾರಿದರೆ ಮಾತ್ರ ಬ್ಯಾಟರಿಯನ್ನು ದೂರಿ. ನೀರು ಹಾಕುವ ಬ್ಯಾಟರಿಯಾದರೆ ಆಸಿಡ್ಡಿನ ಸಾಂದ್ರತೆ ಅಳೆಯುವ ಹೈಡ್ರೋಮೀಟರಿನಿಂದ ಆರೂ ಸೆಲ್ ನೋಡಿ. ಐದು ಸೆಲ್ 1250 ತೋರಿಸಿ ಒಂದು ಮಾತ್ರ 1180ರಲ್ಲಿ ನಿಂತರೆ ಆ ಸೆಲ್ ಹೋಗಿದೆ, ಬ್ಯಾಟರಿಯೂ ಹೋದಂತೆಯೇ. ಲಿಥಿಯಂ ಹಾಕಿಸಿದ್ದರೆ ಈ ಲೆಕ್ಕ ನಡೆಯುವುದಿಲ್ಲ. ಅದು ಹೆಚ್ಚಿನ ಹೊತ್ತು 13.2ರ ಆಸುಪಾಸಿನಲ್ಲೇ ಇರುವುದರಿಂದ ಒಳಗೆ ಎಷ್ಟು ಉಳಿದಿದೆ ಎಂದು ತಿಳಿಯಲು ಒಳಹೋದ, ಹೊರಬಂದ ಕರೆಂಟಿನ ಲೆಕ್ಕ ಇಡುವ ಶಂಟ್ ಮೀಟರ್ ಬೇಕು.

ಮನೆಯ ಇನ್ವರ್ಟರಿಗೆ ಹಾಕುವ ಎತ್ತರದ ಟ್ಯೂಬ್ಯುಲರ್ ಬ್ಯಾಟರಿಯನ್ನು ಗಾಡಿಗೆ ಇಡಬೇಡಿ. ಅದು ನಿಂತಲ್ಲೇ ನಿಲ್ಲಲು ಮಾಡಿದ್ದು. ಘಾಟಿ ರಸ್ತೆಯ ಕುಲುಕಾಟಕ್ಕೆ ಆಸಿಡ್ ಚೆಲ್ಲುತ್ತದೆ, ಪ್ಲೇಟೂ ಸಡಿಲವಾಗುತ್ತದೆ.

ವೋಲ್ಟೇಜ್ ಎಲ್ಲಿ ಸೋರುತ್ತಿದೆ

ಇಡೀ ಕೆಲಸದ ತಿರುಳು ಇಲ್ಲಿದೆ. ಲೋಡ್ ಇಲ್ಲದೆ ಅಳೆದರೆ ಕೆಟ್ಟ ಜಾಯಿಂಟೂ ಪೂರ್ತಿ 12.6 ತೋರಿಸುತ್ತದೆ, ಏಕೆಂದರೆ ಕರೆಂಟ್ ಹರಿಯದೆ ವೋಲ್ಟೇಜ್ ಬೀಳುವುದಿಲ್ಲ. ಆದ್ದರಿಂದ ಪಂಪಿನ ಕನೆಕ್ಷನ್ ಇರುವ ಜಾಗದಲ್ಲೇ ಬಲ್ಬು ಉರಿಸಿ, ಉರಿಯುತ್ತಿರುವಾಗಲೇ ಅಳೆಯಿರಿ. ಮೊದಲು ಬ್ಯಾಟರಿ ಕಂಬದ (ಟರ್ಮಿನಲ್) ಮೇಲೆ, ಆಮೇಲೆ ಫ್ಯೂಸ್ ಬಾಕ್ಸಿನಲ್ಲಿ, ಕೊನೆಗೆ ಪಂಪಿನ ಬುಡದಲ್ಲಿ. ಬ್ಯಾಟರಿಯಲ್ಲಿ 12.4, ಫ್ಯೂಸ್ ಬಾಕ್ಸಿನಲ್ಲಿ 12.3, ಪಂಪಿನಲ್ಲಿ 10.9 ಬಂದರೆ ಕೊನೆಯ ತುಂಡಿನಲ್ಲೇ ಕಳ್ಳನಿದ್ದಾನೆ.

ನೆಗೆಟಿವ್ ಕಡೆಯನ್ನು ಮರೆಯಬೇಡಿ. ಬಾಡಿ ಅರ್ತ್ ಇರುವ, ಅಂದರೆ ಗಾಡಿಯ ಲೋಹದ ಮೈಯನ್ನೇ ನೆಗೆಟಿವ್ ವೈರಿನಂತೆ ಬಳಸುವ ಗಾಡಿಯಲ್ಲಿ ಮೀಟರಿನ ಒಂದು ಕಡ್ಡಿ ಬ್ಯಾಟರಿಯ ನೆಗೆಟಿವ್ ಕಂಬದ ಮೇಲೆ, ಇನ್ನೊಂದು ಚಾಸಿಯ ಕೆರೆದ ಲೋಹದ ಮೇಲೆ ಇಡಿ. ಲೋಡ್ ಇರುವಾಗ 0.1 ವೋಲ್ಟಿಗಿಂತ ಕಡಿಮೆ ಇರಬೇಕು. ಅರ್ಧ ವೋಲ್ಟ್ ಬಂದರೆ ಆ ಬೋಲ್ಟ್ ಬಿಚ್ಚಿ ನೋಡಿ: ವಾಷರಿನ ಕೆಳಗೆ ಕಂದು ತುಕ್ಕಿನ ಹುಡಿ, ಲಗ್ಗಿನ ಬಾಯಲ್ಲಿ ಹಸಿರು ಕಿಲುಬು. ವೈರಿನ ಕವರ್ ಸುಲಿದರೆ ಒಳಗಿನ ತಾಮ್ರವೂ ಕಪ್ಪಾಗಿರುತ್ತದೆ. ಅಂಥ ವೈರಿಗೆ ಹೊಸ ಲಗ್ಗು ಹಾಕಿ ಪ್ರಯೋಜನವಿಲ್ಲ. ತಾಮ್ರ ಫಳಫಳ ಹೊಳೆಯುವವರೆಗೆ, ಕೆಲವೊಮ್ಮೆ ಅರ್ಧ ಅಡಿಯವರೆಗೂ, ಕತ್ತರಿಸುತ್ತಾ ಹೋಗಿ. ಆಮೇಲೆ ತವರ ಲೇಪದ ಲಗ್ಗನ್ನು ಕ್ರಿಂಪಿಂಗ್ ಟೂಲಿನಿಂದ ಒತ್ತಿ. ಕಟಿಂಗ್ ಪ್ಲೇಯರ್‌ನಲ್ಲಿ ಜಜ್ಜಿದ ಲಗ್ಗು ಮುಂದಿನ ಮಳೆಗಾಲಕ್ಕೆ ಉಳಿಯದು. ಬರೀ ಬೆಸುಗೆಯೂ ಬೇಡ, ಬೆಸುಗೆ ಮುಗಿದ ಜಾಗದಲ್ಲಿ ಕುಲುಕಾಟಕ್ಕೆ ಎಳೆಗಳು ಮುರಿಯುತ್ತವೆ. ಅದರ ಮೇಲೆ, ಒಳಮೈಯಲ್ಲಿ ಅಂಟು ಇರುವ ಹೀಟ್ ಶ್ರಿಂಕ್ ಸ್ಲೀವ್ (ಬಿಸಿ ಮಾಡಿದರೆ ಕುಗ್ಗಿ ಹಿಡಿಯುವ ಕೊಳವೆ) ಹಾಕಿ. ಚಾಸಿಯ ಜಾಗವನ್ನು ಮರಳು ಕಾಗದದಲ್ಲಿ ಉಜ್ಜಿ, ಸ್ಟಾರ್ ವಾಷರ್ ಹಾಕಿ ಬಿಗಿದು, ಆಮೇಲೆ ಗ್ರೀಸ್ ಬಳಿಯಿರಿ. ಹೊಸದಾಗಿ ವೈರ್ ಎಳೆಯುವುದಾದರೆ ಬೋಟುಗಳಿಗೆ ಬಳಸುವ ತವರ ಲೇಪದ ತಾಮ್ರದ ವೈರ್ ಕೇಳಿ. ಕರಾವಳಿಯಲ್ಲಿ ಅದಕ್ಕೆ ಕೊಟ್ಟ ಹಣ ವ್ಯರ್ಥವಲ್ಲ.

ಇನ್ವರ್ಟರ್ ವಿಷಯದಲ್ಲಿ ಇದು ಬರೀ ಮಂಕು ಬೆಳಕಿನ ಪ್ರಶ್ನೆಯಲ್ಲ. 1000 ವ್ಯಾಟ್ ತೆಗೆಯಲು 12 ವೋಲ್ಟಿನಲ್ಲಿ 83 ಆಂಪಿಯರ್ ಬೇಕು, ಇನ್ವರ್ಟರಿನ ನಷ್ಟ ಸೇರಿದರೆ 95ರ ಹತ್ತಿರ. ಒಂದು ಲಗ್ಗಿನಲ್ಲಿ ಅರ್ಧ ವೋಲ್ಟ್ ಸೋರಿದರೂ ಅಲ್ಲಿ ನಲವತ್ತಕ್ಕೂ ಹೆಚ್ಚು ವ್ಯಾಟ್ ಶಾಖ, ಅಂದರೆ ಪ್ಲೈವುಡ್ ಪೆಟ್ಟಿಗೆಯೊಳಗೆ ಕಾದ ಸೋಲ್ಡರಿಂಗ್ ಐರನ್ ಇಟ್ಟ ಹಾಗೆ. ಒಂದೂವರೆ ಮೀಟರಿನೊಳಗೆ ಮುಗಿಯುವ 35 ಚದರ ಮಿ.ಮೀ. ಕೇಬಲ್, ಬ್ಯಾಟರಿಯ ಪಕ್ಕದಲ್ಲೇ 125 ಆಂಪಿಯರ್ ಫ್ಯೂಸ್ ಇರಲಿ. ಫ್ಯೂಸ್ ಪದೇ ಪದೇ ಹೋಗುತ್ತದೆಂದು ದೊಡ್ಡದು ಹಾಕಿದರೆ ಫ್ಯೂಸಿನ ಬದಲು ವೈರ್ ಉರಿಯುತ್ತದೆ.

ಓಡಿಸಿದರೂ ಚಾರ್ಜ್ ಆಗದಿದ್ದರೆ

ಎಂಜಿನ್ ಚಾಲೂ ಇರುವಾಗ ಎಂಜಿನ್ ಬ್ಯಾಟರಿಯಲ್ಲಿ 13.8ರಿಂದ 14.4 ಬರಬೇಕು. ಅಲ್ಲಿ ಸರಿಯಿದ್ದು ಒಳಗಿನ ಬ್ಯಾಟರಿ 12.4ರಲ್ಲೇ ನಿಂತಿದ್ದರೆ ಎರಡರ ನಡುವಿನ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಜೋಡಿಸುವ ಸ್ವಿಚ್ಚು) ನೋಡಿ. ಅದರ ಮೇಲೆ ಬರೆದ ಪಿನ್ ನಂಬರುಗಳಲ್ಲಿ 85 ಮತ್ತು 86ರ ನಡುವೆ 12 ವೋಲ್ಟ್ ಬಂದು ಟಕ್ ಎಂದರೂ 30 ಮತ್ತು 87ರ ನಡುವೆ 0.2 ವೋಲ್ಟಿಗಿಂತ ಹೆಚ್ಚು ಸೋರಿದರೆ ಒಳಗಿನ ಪಾಯಿಂಟ್ ಸುಟ್ಟಿದೆ, ಬದಲಿಸಿ. ಟಕ್ ಎನ್ನದಿದ್ದರೆ ಅದಕ್ಕೆ ಬರುವ ಸಣ್ಣ ವೈರನ್ನು ಹಿಂಬಾಲಿಸಿ. ನಿಂತ ಗಾಡಿಯಲ್ಲಿ ಇಲಿ ಕಡಿಯುವುದು ಮಾಮೂಲು.

ನಿಂತಲ್ಲೇ ಬ್ಯಾಟರಿ ಇಳಿಯುತ್ತಿದ್ದರೆ ಎಲ್ಲ ಸ್ವಿಚ್ಚು ಆರಿಸಿ, ನೆಗೆಟಿವ್ ಬಿಚ್ಚಿ, ಮೀಟರನ್ನು 10 ಆಂಪಿಯರಿಗೆ ಇಟ್ಟು ನಡುವೆ ಸೇರಿಸಿ. 50 ಮಿಲಿ ಆಂಪಿಯರ್ ಒಳಗಿದ್ದರೆ ಚಿಂತೆಯಿಲ್ಲ. 300 ಬಂದರೆ ದಿನಕ್ಕೆ 7.2 ಆಂಪಿಯರ್ ಅವರ್ ಹೋಗುತ್ತದೆ, 100 ಆಂಪಿಯರ್ ಅವರಿನ ಬ್ಯಾಟರಿ ವಾರದಲ್ಲಿ ಅರ್ಧಕ್ಕೆ ಇಳಿಯುತ್ತದೆ. ಫ್ಯೂಸ್ ಒಂದೊಂದಾಗಿ ಕೀಳಿ, ಅಂಕಿ ಇಳಿದ ಲೈನೇ ತಪ್ಪಿತಸ್ಥ. ಮೀಟರ್ ಸೇರಿಸಿದ್ದಾಗ ಪಂಪು ಹಾಕಬೇಡಿ, ಎಂಜಿನ್ ತಿರುಗಿಸಬೇಡಿ.

230 ವೋಲ್ಟಿನ ಕಡೆ

ಪ್ಲಗ್ ಕೀಳದೆ, ಇನ್ವರ್ಟರ್ ಬಂದ್ ಮಾಡದೆ ಯಾವ ಬಾಕ್ಸನ್ನೂ ತೆರೆಯಬೇಡಿ. ಬರಿಗಾಲಲ್ಲಿ ಒದ್ದೆ ನೆಲದ ಮೇಲೆ ನಿಂತು ಬಾಗಿಲ ಹಿಡಿ ಮುಟ್ಟಿದಾಗ ಜುಮ್ ಎಂದರೆ ಮತ್ತೊಮ್ಮೆ ಮುಟ್ಟಿ ನೋಡುವ ಪ್ರಶ್ನೆಯೇ ಇಲ್ಲ. ಸಪ್ಲೈ ಬರುವ ಕಡೆಯ ಮೈನ್ ಆರಿಸಿ, ಪ್ಲಗ್ ಕೀಳಿ. ನಮ್ಮ ಮುರಕಲ್ಲಿನ ಗುಡ್ಡಗಳಲ್ಲಿ ಏಪ್ರಿಲ್, ಮೇ ಹೊತ್ತಿಗೆ ಅರ್ತ್ ಗುಂಡಿ ಒಣಗಿ ಅರ್ತಿಂಗ್ ದುರ್ಬಲವಾಗುತ್ತದೆ. ಮೀಟರ್ ಫೇಸ್ ಮತ್ತು ಅರ್ತ್ ನಡುವೆ 230 ತೋರಿಸಿದರೂ ಅದು ಗಟ್ಟಿ ಅರ್ತ್ ಎನ್ನುವಂತಿಲ್ಲ, ಇಲೆಕ್ಟ್ರಿಷಿಯನ್‌ನಿಂದ ಅಳತೆ ಮಾಡಿಸಬೇಕು. ಗಾಡಿಯೊಳಗೆ ಕರೆಂಟ್ ಅರ್ತಿಗೆ ಸೋರಿದರೆ ತಾನೇ ಸಪ್ಲೈ ಕಡಿಯುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಇಲ್ಲದಿದ್ದರೆ ಬೇರೆಲ್ಲಕ್ಕಿಂತ ಮೊದಲು ಹಾಕಿಸಿ.

ಆರ್‌ಸಿಸಿಬಿ ಬೀಳುತ್ತಿದ್ದರೆ ಎಂಸಿಬಿ (ಹೆಚ್ಚು ಕರೆಂಟ್ ಹರಿದರೆ ಬೀಳುವ ಸ್ವಿಚ್ಚು) ಆರಿಸಿದರೆ ಸಾಲದು. ಸಿಂಗಲ್ ಪೋಲ್ ಎಂಸಿಬಿ ಫೇಸನ್ನು ಮಾತ್ರ ಕಡಿಯುತ್ತದೆ, ನ್ಯೂಟ್ರಲ್ ಅರ್ತಿಗೆ ತಾಗಿದ್ದರೆ ಆಗಲೂ ಬೀಳುತ್ತದೆ. ಎಲ್ಲ ಸಾಮಾನಿನ ಪ್ಲಗ್ ಕಿತ್ತು ಒಂದೊಂದಾಗಿ ಹಾಕಿ. ಮಳೆಗಾಲದ ನಂತರ ಮೊದಲ ಅನುಮಾನ ಗೀಸರಿನ ಕಾಯಿಲ್ ಮೇಲೆ, ಎರಡನೆಯದು ಗಾಡಿಯ ಹೊರಮೈಯ ಸಾಕೆಟ್ ಮೇಲೆ. ಅದರ ರಬ್ಬರ್ ಒಡೆದಿದ್ದರೆ ನೀರು ಇಳಿದೇ ಇರುತ್ತದೆ.

ಎಕ್ಸ್‌ಟೆನ್ಷನ್ ವೈರ್ 2.5 ಚದರ ಮಿ.ಮೀ.ನ ಮೂರು ಕೋರಿನದು ಇರಲಿ. ಬಳಸುವಾಗ ಸುರುಳಿಯನ್ನು ಪೂರ್ತಿ ಬಿಚ್ಚಿ. ಸುತ್ತಿಟ್ಟ ವೈರಿನಲ್ಲಿ ಶಾಖ ಹೊರಹೋಗದೆ ಒಳಗಿನ ಸುತ್ತುಗಳ ಕವರ್ ಕರಗಿ ಒಂದಕ್ಕೊಂದು ಅಂಟುತ್ತದೆ. ಅರ್ಧ ಗಂಟೆ ಲೋಡ್ ಕೊಟ್ಟ ಮೇಲೆ ಮೈನ್ ಆರಿಸಿ ಪ್ಲಗ್ಗನ್ನು ಮುಟ್ಟಿ ನೋಡಿ. ಬೆಚ್ಚಗಿದ್ದರೆ ಪರವಾಗಿಲ್ಲ, ಕೈ ಇಡಲಾಗದಷ್ಟು ಬಿಸಿಯಿದ್ದರೆ ಸ್ಕ್ರೂ ಸಡಿಲವಾಗಿದೆ ಅಥವಾ ಪಿನ್ನು ಸುಟ್ಟಿದೆ. ಆ ಪ್ಲಗ್ಗನ್ನೂ ಅದು ಕೂತಿದ್ದ ಸಾಕೆಟ್ಟನ್ನೂ ಒಟ್ಟಿಗೇ ಬದಲಿಸಿ; ಒಂದನ್ನೇ ಬದಲಿಸಿದರೆ ಸುಟ್ಟದ್ದು ಹೊಸದನ್ನೂ ಸುಡುತ್ತದೆ.