ಅವರ ರಿಟರ್ನ್‌ಗೆ ನನ್ನ ಸಹಿ

ಯಜಮಾನರು ತೀರಿಕೊಂಡದ್ದು 2024ರ ನವೆಂಬರ್ 18ರಂದು. ನಿವೃತ್ತ ಪ್ರೌಢಶಾಲಾ ಶಿಕ್ಷಕರು; ಪಿಂಚಣಿ, ಠೇವಣಿಗಳ ಬಡ್ಡಿ ಬಿಟ್ಟರೆ ಬೇರೆ ಆದಾಯವಿರಲಿಲ್ಲ. ಇಬ್ಬರ ತೆರಿಗೆ ರಿಟರ್ನ್‌ಗಳನ್ನೂ ಅವರೇ ಸಲ್ಲಿಸುತ್ತಿದ್ದರು. ಮರುವರ್ಷ ಜೂನ್‌ನಲ್ಲಿ, ಕಾರವಾರದಲ್ಲಿ ಮಳೆ ಹಿಡಿದು ಕೂತ ದಿನಗಳಲ್ಲಿ, ಆ ಕೆಲಸಕ್ಕೆ ನಾನು ಕೈಹಾಕಿದೆ.

“ದೊಡ್ಡಮ್ಮ, ಪಾಸ್‌ವರ್ಡ್ ದೊಡ್ಡಪ್ಪನ ಡೈರಿಯಲ್ಲಿದೆ, ಓಟಿಪಿ ಅವರ ಮೊಬೈಲಿಗೇ ಬರುತ್ತದೆ. ಅವರ ಖಾತೆಯಿಂದಲೇ ಸಲ್ಲಿಸಿಬಿಡೋಣ” ಎಂದ ತಂಗಿಯ ಮಗ. ನಾನು ಒಪ್ಪಲಿಲ್ಲ. ತುಂಬಿದ್ದೆಲ್ಲ ನಿಜವೆಂದು ರಿಟರ್ನಿನ ಕೊನೆಗೆ ದೃಢೀಕರಿಸಬೇಕು. ಇಲ್ಲದವರಿಂದ ಆ ಮಾತು ಹೇಳಿಸುವುದು ಹೇಗೆ? 1961ರ ಆದಾಯ ತೆರಿಗೆ ಕಾಯ್ದೆಯ 159ನೇ ಕಲಂ ಆ ಹೊಣೆಯನ್ನು ವಾರಸುದಾರರಿಗೆ ವಹಿಸಿತ್ತು. ಸಹಿ ನನ್ನದೇ ಆಗಬೇಕು.

ನನ್ನ ಪ್ಯಾನ್‌ನಿಂದ ಆದಾಯ ತೆರಿಗೆ ಇಲಾಖೆಯ ಪೋರ್ಟಲ್ ಪ್ರವೇಶಿಸಿ, ‘ಆಥರೈಸ್ಡ್ ಪಾರ್ಟ್‌ನರ್ಸ್’ ಎಂಬ ವಿಭಾಗದಡಿಯಲ್ಲಿ ಅವರ ಪ್ರತಿನಿಧಿಯಾಗಿ ನೋಂದಣಿಗೆ ಕೋರಿದೆ. ಇಬ್ಬರ ಪ್ಯಾನ್ ಪ್ರತಿ, ಮರಣ ಪ್ರಮಾಣಪತ್ರ, ವಾರಸುದಾರಿಕೆಯ ಪುರಾವೆ ಬೇಕು. ನೋಟರಿ ಮಾಡಿಸಿದ ವಂಶವೃಕ್ಷದ ಅಫಿಡವಿಟ್ ಸಾಕೆಂದುಕೊಂಡಿದ್ದೆ, ಕೋರಿಕೆ ತಿರಸ್ಕೃತವಾಯಿತು. ನಾಡಕಚೇರಿಯಿಂದ ಬದುಕುಳಿದ ಕುಟುಂಬ ಸದಸ್ಯರ ಪ್ರಮಾಣಪತ್ರ ತಂದೆ. ನಮಗೆ ಮಕ್ಕಳಿಲ್ಲ, ಅದರಲ್ಲಿ ನನ್ನದೊಂದೇ ಹೆಸರು. ಅದನ್ನು ಓದಿದ ದಿನ ಮತ್ತೇನೂ ಮಾಡಲಾಗಲಿಲ್ಲ. ಎರಡನೆಯ ಸಲ ಒಪ್ಪಿಗೆ ಸಿಕ್ಕಿತು. ಸರ್ಕಾರ ಕೊಡುವ ಕುಟುಂಬ ಪಿಂಚಣಿ ಪತ್ರವೂ ನಡೆಯುತ್ತದೆಂದು ಆಮೇಲೆ ತಿಳಿಯಿತು. ಅದು ಕಪಾಟಿನಲ್ಲೇ ಇತ್ತು.

ಹೆಚ್ಚು ಸಮಯ ತಿಂದದ್ದು ಬಡ್ಡಿಯ ಲೆಕ್ಕ. ನಾನು ಬ್ಯಾಂಕಿಗೆ ತಡವಾಗಿ ತಿಳಿಸಿದ್ದರಿಂದ ಡಿಸೆಂಬರ್ ತ್ರೈಮಾಸಿಕದ ಬಡ್ಡಿಯೆಲ್ಲ ಅವರ ಪ್ಯಾನ್‌ಗೇ ಜಮೆಯಾಗಿತ್ತು. ಮರಣದ ದಿನದವರೆಗಿನ ಆದಾಯ ಅವರ ರಿಟರ್ನ್‌ಗೆ, ನಂತರದ್ದು ನನ್ನ ರಿಟರ್ನ್‌ಗೆ. ಅವರು ಪೆನ್ಸಿಲ್‌ನಲ್ಲಿ ಗುರುತು ಹಾಕುತ್ತಿದ್ದ ಪಾಸ್‌ಬುಕ್ ಮುಂದಿಟ್ಟುಕೊಂಡು ದಿನ ಎಣಿಸಿದೆ. ಅಕ್ಟೋಬರ್ 1ರಿಂದ ಡಿಸೆಂಬರ್ 31ರವರೆಗೆ 92 ದಿನ. 49 ಅವರವು, 43 ನನ್ನವು. ಪ್ರತಿ ಠೇವಣಿಗೂ ಹೀಗೆ ಪಾಲು ಮಾಡಿ ಆ ಹಾಳೆಯನ್ನು ಕಡತದಲ್ಲಿಟ್ಟೆ. ನೋಟಿಸ್ ಬಂದರೆ ತೋರಿಸಲು ಬೇಕು.

ವರ್ಷ ಅರ್ಧಕ್ಕೆ ನಿಂತರೂ ವಿನಾಯಿತಿ ಅರ್ಧವಾಗುವುದಿಲ್ಲ. ಹೊಸ ತೆರಿಗೆ ಪದ್ಧತಿಯಲ್ಲಿ, ತೆರಿಗೆಯ ಲೆಕ್ಕಕ್ಕೆ ಮೊದಲು ಆದಾಯದಿಂದ ಕಳೆಯುವ 75,000 ರೂಪಾಯಿಯ ಕಡಿತ ಅವರ ಪಿಂಚಣಿಗೆ ಪೂರ್ತಿ ಸಿಕ್ಕಿತು. ನನ್ನ ಕುಟುಂಬ ಪಿಂಚಣಿ ಮಾತ್ರ ‘ಇತರ ಮೂಲಗಳ ಆದಾಯ’. ಅದಕ್ಕೆ ಮೂರನೇ ಒಂದು ಭಾಗ ಅಥವಾ 25,000 ರೂಪಾಯಿ, ಯಾವುದು ಕಡಿಮೆಯೋ ಅಷ್ಟೇ ಕಡಿತ.

ಸಲ್ಲಿಸಿದ ಮೇಲೆ 30 ದಿನಗಳೊಳಗೆ ಇ-ದೃಢೀಕರಣ ಆಗಬೇಕು. ನಾನು ಅಂದೇ ಮುಗಿಸಿದೆ. ಓಟಿಪಿ ನನ್ನ ಮೊಬೈಲಿಗೆ ಬಂತು. ತೆರಿಗೆ ಮರುಪಾವತಿಗೆ ಕೊಟ್ಟದ್ದು ನಮ್ಮಿಬ್ಬರ ಜಂಟಿ ಖಾತೆ; ಹಣ ಬರುವವರೆಗೆ ಅದನ್ನು ಮುಚ್ಚದೆ ಉಳಿಸಿಕೊಂಡಿದ್ದೆ. ಜಮೆಯಾದ ಸಾಲಿನ ಪಕ್ಕದಲ್ಲಿ ನಾನೂ ಪೆನ್ಸಿಲ್‌ನಿಂದ ಗುರುತು ಹಾಕಿದೆ.