ಮನೆ ಮುಂದಿನ ಬೇಲಿಗೆ ಯಾವ ಗಿಡ?

ನರ್ಸರಿಗೆ ಹೋಗುವ ಮೊದಲು ಬೇಲಿಯ ಜಾಗದಲ್ಲಿ ಎಷ್ಟು ಹೊತ್ತು ಬಿಸಿಲು ಬೀಳುತ್ತದೆ ನೋಡಿಕೊಳ್ಳಿ. ಹಳದಿ ಎಲೆಯ ಡುರಾಂಟಾಗೆ ನೇರ ಬಿಸಿಲು ಬೇಕೇ ಬೇಕು, ನೆರಳಲ್ಲಿ ಹೊಸ ಎಲೆ ಹಸಿರಾಗಿಬಿಡುತ್ತದೆ. ಅದರ ಕಾಯಿ ವಿಷ, ಚಿಕ್ಕ ಮಕ್ಕಳಿದ್ದರೆ ಬೇಡ. ಅರೆನೆರಳಿಗೆ ಕಾಮಿನಿ ಚೆನ್ನ, ಆದರೆ ಹತ್ತಿರ ನಿಂಬೆ ಗಿಡವಿದ್ದರೆ ಬಿಟ್ಟುಬಿಡಿ. ನಿಂಬೆಗೆ ರೋಗ ಹರಡುವ ಸಿಲ್ಲಾ ಕೀಟ ಕಾಮಿನಿಯ ಚಿಗುರಿನಲ್ಲೂ ಬೆಳೆಯುತ್ತದೆ. ಮೇಕೆ, ದನ ಓಡಾಡುವ ಕಡೆ ಆಡುಸೋಗೆಯೇ ಸರಿ. ಅದನ್ನು ಆಡೂ ಮುಟ್ಟುವುದಿಲ್ಲ, ಕಡ್ಡಿ ನೆಟ್ಟರೂ ಬರುತ್ತದೆ.

ಜೂನ್ ಮಳೆ ಹಿಡಿದ ಮೇಲೆ ಒಂದಡಿ ಅಗಲ, ಒಂದೂವರೆ ಅಡಿ ಆಳದ ಕಾಲುವೆ ತೆಗೆದು, ಮಣ್ಣಿಗೆ ಕೊಟ್ಟಿಗೆ ಗೊಬ್ಬರ ಬೆರೆಸಿ, ಅಡಿಗೊಂದರಂತೆ ನೆಡಿ. ಕಾಂಪೌಂಡಿನಿಂದ ಎರಡಡಿ ದೂರವಿರಲಿ, ಇಲ್ಲದಿದ್ದರೆ ಹಿಂಬದಿ ಕತ್ತರಿಸಲು ಕೈ ಆಡುವುದಿಲ್ಲ.

ಹೆಚ್ಚಿನವರು ಎಡವುವುದು ಕತ್ತರಿಸುವುದರಲ್ಲಿ. ಎತ್ತರ ಬರಲಿ ಎಂದು ಕಾಯುತ್ತಾರೆ. ಬುಡ ಬೋಳಾಗಿ ನಾಯಿ ನುಸುಳುವಷ್ಟು ಸಂದಿ ಉಳಿಯುತ್ತದೆ. ಗಿಡ ಬೇರೂರಿ ಒಂದಡಿ ಆದಾಗಲೇ ತುದಿ ಕತ್ತರಿಸಿ ಅರ್ಧಕ್ಕಿಳಿಸಿ, ಆಗ ಬುಡದಿಂದಲೇ ಕವಲೊಡೆಯುತ್ತದೆ. ಮುಂದೆಯೂ ಬುಡ ಅಗಲ, ತಲೆ ಕಿರಿದಾಗಿರುವಂತೆ ಕತ್ತರಿಸಿ. ತಲೆ ಅಗಲವಾದರೆ ಕೆಳಗೆ ಬೆಳಕಿಲ್ಲದೆ ಎಲೆ ಉದುರುತ್ತದೆ.