ರಂಗದ ನಟಿ ಮನೆಯಲ್ಲೇ ಆಡಿಷನ್ ವಿಡಿಯೊ ಮಾಡುವುದು ಹೇಗೆ?

ದಾವಣಗೆರೆಯ ಕಂಪನಿ ನಾಟಕದಲ್ಲೋ ಸಾಣೇಹಳ್ಳಿಯ ರಂಗಶಾಲೆಯಲ್ಲೋ ಪಳಗಿದ ನಟಿ ಧಾರಾವಾಹಿ, ಸಿನಿಮಾದವರಿಗೆ ಕಳಿಸುವ ವಿಡಿಯೊದಲ್ಲಿ ಸೋತರೆ ಅದು ಅಭಿನಯ ಬಾರದ್ದಕ್ಕಲ್ಲ. ಕೊನೇ ಸಾಲಿನ ಪ್ರೇಕ್ಷಕನಿಗೆಂದು ಕಲಿತದ್ದನ್ನು ಐದಡಿ ದೂರದ ಫೋನಿಗೂ ಹಾಗೇ ಒಪ್ಪಿಸುವುದರಿಂದ. ರಂಗ ಬಿಡಬೇಕಿಲ್ಲ, ಅಳತೆ ಬದಲಿಸಿದರೆ ಸಾಕು. ಪೋಲೆಂಡಿನ ನಟಿ ಕ್ರಿಸ್ತಿನಾ ಯಾಂದಾ ಅವರನ್ನೇ ನೋಡಿ. ವಾರ್ಸಾದ ನಾಟಕ ಶಾಲೆಯಲ್ಲಿ ಕಲಿತು, 1977ರಲ್ಲಿ ತೆರೆಕಂಡ ನಿರ್ದೇಶಕ ಆಂದ್ಜೇಯ್ ವಾಯ್ದಾ ಅವರ ಚಿತ್ರದಿಂದ ಹೆಸರಾದರು. ಅವರು ನಟಿಸಿದ, 1982ರಲ್ಲಿ ಸಿದ್ಧವಾದ ಇನ್ನೊಂದು ಚಿತ್ರವನ್ನು ಆಗಿನ ಸರ್ಕಾರ ವರ್ಷಗಟ್ಟಲೆ ತಡೆಹಿಡಿಯಿತು. ಅದೇ ಪಾತ್ರಕ್ಕೆ 1990ರಲ್ಲಿ ಕಾನ್ ಚಿತ್ರೋತ್ಸವದ ಶ್ರೇಷ್ಠ ನಟಿ ಪ್ರಶಸ್ತಿ ಬಂತು. ಇಷ್ಟಾದ ಮೇಲೂ ವಾರ್ಸಾದ ಹಳೇ ಚಿತ್ರಮಂದಿರವೊಂದನ್ನು ನಾಟಕಮಂದಿರವಾಗಿ ಮಾರ್ಪಡಿಸಿ ನಡೆಸಿದರು. ನಮ್ಮ ಚಿಂದೋಡಿ ಲೀಲಾ ಅವರೂ ಕಂಪನಿ, ಸಿನಿಮಾ ಎರಡನ್ನೂ ನಿಭಾಯಿಸಿದವರೇ.

ಮೊದಲು ಜಾಗ. ಕಿಟಕಿಗೆ ಬೆನ್ನು ಹಾಕಿದರೆ ಮುಖ ಕಪ್ಪಾಗುತ್ತದೆ. ಕಿಟಕಿಯ ಬೆಳಕು ಮುಂದಿನಿಂದ, ಸ್ವಲ್ಪ ಓರೆಯಾಗಿ ಬೀಳಲಿ. ನೆರಳಿನ ಕೆನ್ನೆಯ ಕಡೆ ಬಿಳಿ ಥರ್ಮಾಕೋಲ್ ಹಾಳೆ ನಿಲ್ಲಿಸಿ. ನಮ್ಮ ಕರೆಂಟು 50 ಹರ್ಟ್ಸ್, ಹಾಗಾಗಿ ಟ್ಯೂಬ್‌ಲೈಟ್ ಕೆಳಗೆ ಸೆಕೆಂಡಿಗೆ 30 ಫ್ರೇಮ್‌ನಲ್ಲಿ ತೆಗೆದರೆ ಚಿತ್ರ ಮಿಣುಕಬಹುದು. ಫೋನಿನಲ್ಲಿ 25 ಇದ್ದರೆ ಅದನ್ನೇ ಇಡಿ. ಫ್ಯಾನಿನ ಸದ್ದು ಮಾತಿನ ಜೊತೆ ರೆಕಾರ್ಡ್ ಆಗುತ್ತದೆ, ಅದನ್ನು ಆಫ್ ಮಾಡಲೇಬೇಕು. ದಾವಣಗೆರೆಯ ಏಪ್ರಿಲ್ ಸೆಕೆಯಲ್ಲಿ ಮಧ್ಯಾಹ್ನ ಇದು ಆಗದ ಮಾತು, ಬೆಳಿಗ್ಗೆ ಏಳರಿಂದ ಎಂಟೂವರೆಯೊಳಗೆ ಮುಗಿಸಿ.

ಫೋನು ಅಡ್ಡಕ್ಕಿರಲಿ, ಕಣ್ಣಿನ ಎತ್ತರಕ್ಕಿರಲಿ, ಹಿಂದಿನ ಕ್ಯಾಮೆರಾ, ವಿಡಿಯೊ ಗುಣಮಟ್ಟ 1080ಪಿ. ಐದಡಿ ದೂರದಿಂದ 2ಎಕ್ಸ್ ಜೂಮ್‌ನಲ್ಲಿ ತೆಗೆದರೆ ತಲೆಯಿಂದ ಎದೆವರೆಗೆ ಸರಿಯಾಗಿ ಕೂರುತ್ತದೆ. ಫೋನನ್ನೇ ಹತ್ತಿರ ತಂದರೆ ಮೂಗು ದೊಡ್ಡದಾಗಿ ಕಾಣುತ್ತದೆ. ಪರದೆ ಮೇಲೆ ನಿಮ್ಮ ಮುಖವನ್ನು ಒತ್ತಿ ಹಿಡಿದು ಫೋಕಸ್ ಲಾಕ್ ಮಾಡಿ, ಇಲ್ಲವಾದರೆ ಕೈ ಎತ್ತಿದಾಗಲೆಲ್ಲ ಮುಖ ಮಸುಕಾದೀತು. ಒಂದೇ ಬಣ್ಣದ ಸಾದಾ ಬಟ್ಟೆ ಉಡಿ. ನಾಟಕದ ಮೇಕಪ್ ಬೇಡ, ಬೆವರು ಒರೆಸಿಕೊಂಡರೆ ಸಾಕು.

ಇನ್ನು ಅಭಿನಯ; ನಿಜವಾದ ಕಷ್ಟ ಇರುವುದು ಇಲ್ಲೇ. ಎದುರು ಪಾತ್ರದ ಮಾತು ಓದುವವರು ಲೆನ್ಸಿನಿಂದ ಒಂದು ಗೇಣು ಪಕ್ಕಕ್ಕೆ, ಬೆಳಕು ಬರುವ ಕಡೆಗೆ ನಿಲ್ಲಲಿ. ಅವರ ಒಂದೇ ಕಣ್ಣನ್ನು ನೋಡಿ ಮಾತಾಡಿ. ಸಭಾಂಗಣವನ್ನೆಲ್ಲ ನೋಡಿ ರೂಢಿಯಾದ ಕಣ್ಣು ಕ್ಲೋಸಪ್‌ನಲ್ಲಿ ಕಳ್ಳನೋಟವಾಗುತ್ತದೆ. ಓದುವವರು ಫೋನಿಗೆ ಹತ್ತಿರ ಇರುವುದರಿಂದ ನಿಮಗಿಂತ ಮೆಲ್ಲಗೆ ಓದಬೇಕು. ಅವರು ದನಿ ಏರಿಸಿದರೆ ನೀವೂ ಏರಿಸುತ್ತೀರಿ.

ತಾಲೀಮಿನಲ್ಲಿ ತೋರುಬೆರಳನ್ನು ಹಣೆಗೆ ಒತ್ತಿಕೊಂಡು ಮಾತು ಹೇಳಿ ನೋಡಿ. ಪದಪದಕ್ಕೂ ಬೆರಳ ಕೆಳಗೆ ಚರ್ಮ ಕುಣಿದರೆ ಹುಬ್ಬು ಹೆಚ್ಚು ಕೆಲಸ ಮಾಡುತ್ತಿದೆ ಎಂದರ್ಥ. ಅದು ನಿಲ್ಲುವವರೆಗೆ ರೆಕಾರ್ಡ್ ಮಾಡಬೇಡಿ.

"ಚಿಕ್ಕದಾಗಿ ಮಾಡು" ಎಂದ ತಕ್ಷಣ ಪಾತ್ರದ ಕಸುವನ್ನೇ ಇಳಿಸಿಬಿಡುವುದು ಇನ್ನೊಂದು ತಪ್ಪು. ಸಿಟ್ಟು ಅಷ್ಟೇ ಇರಲಿ, ದನಿ ಮಾತ್ರ ಎದುರಿನವರಿಗೆ ಕೇಳುವಷ್ಟಿರಲಿ. ದನಿ ಇಳಿದಾಗ ವಾಕ್ಯದ ಕೊನೆಯ ಕ್ರಿಯಾಪದ ಗಂಟಲಲ್ಲೇ ಉಳಿಯುತ್ತದೆ. "ಹೋಗಲ್ಲ" ಎಂಬುದರ "ಅಲ್ಲ" ಕೇಳದಿದ್ದರೆ ದೃಶ್ಯವೇ ಕೆಟ್ಟಿತು. ಚಪ್ಪಾಳೆಗೆಂದು ಬಿಡುತ್ತಿದ್ದ ಜಾಗವನ್ನೂ ತೆಗೆಯಿರಿ. ಎದುರಿನವರು ಮಾತಾಡುವಾಗ ಕೇಳಿಸಿಕೊಳ್ಳಿ, ನಿಮ್ಮ ಸರದಿಗಾಗಿ ಕಾಯಬೇಡಿ. ಆಯ್ಕೆ ಮಾಡುವವರು ಅಲ್ಲೇ ನಿಮ್ಮನ್ನು ನೋಡುವುದು.

ಒಂದೇ ದೃಶ್ಯದ ಎರಡು ಬೇರೆ ಬಗೆ ಕಳಿಸಿದರೆ ಸಾಕು. ಜೊತೆಗೆ ಹೆಸರು, ಊರು, ಎತ್ತರ ಹೇಳಿ ಎಡ ಬಲ ಮುಖ ತೋರಿಸುವ ಪುಟ್ಟ ತುಣುಕು. ವಾಟ್ಸಾಪ್‌ನಲ್ಲಿ ವಿಡಿಯೊ ಎಂದು ಕಳಿಸಿದರೆ ಗುಣಮಟ್ಟ ಕುಗ್ಗುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಿ ಅಥವಾ ಡ್ರೈವ್ ಲಿಂಕ್ ಕೊಡಿ. ಆಡಿಷನ್‌ಗೆ ನೋಂದಣಿ ಶುಲ್ಕ ಕೇಳುವವರಿಗೆ ವಿಡಿಯೊವನ್ನೂ ಕೊಡಬೇಡಿ, ದುಡ್ಡನ್ನೂ ಕೊಡಬೇಡಿ.